ಮೂರು ಹಂಡೆ ಬಿರಿಯಾನಿ

೬ ಮೇ ೨೦೦೬, ಶನಿವಾರ

ಕಾಲು ನೋವು. ಬೆಳಗಿನಿಂದ ಕುಳಿತಿಲ್ಲ. ಈರುಳ್ಳಿ ಸುಲಿಯುವವರಿಗೆ ಚಹಾ, ನೆಂಟರಿಗೆ ಹಾಸಿಗೆ, ಮೆಹಂದಿಯವಳಿಗೆ ಊಟ... ನಾಳೆ ಮಗಳು ಸಬೀಹಾಳ ನಿಕಾಹ್. ಗಂಡಿನವರ ಬಸ್ಸು ಕೊಪ್ಪದಿಂದ ಹನ್ನೊಂದಕ್ಕೆ ಎನ್.ಆರ್.ಪುರ ಮುಟ್ಟುತ್ತದೆ. ಪಕ್ಕದ ಮನೆಯ ವೀರಬಸಮ್ಮ ಹೂ ಕಟ್ಟಿಕೊಟ್ಟರು. "ಟೀಚರೇ, ಸ್ವಲ್ಪ ಮಲ್ಕಳಿ ಮಾರಾಯ್ರೆ" ಎಂದರು. ಮಲಗಿದರೆ ಏಳಲಾರೆ.

೭ ಮೇ, ಭಾನುವಾರ, ಸಂಜೆ

ಗಂಡಿನವರು ಬರಲಿಲ್ಲ.

ಹುಡುಗನ ಚಿಕ್ಕಪ್ಪನ ಫೋನ್. ಈ ಮದುವೆ ಬೇಡವೆಂದು ತನ್ನ ಅಣ್ಣನಿಗೆ ಹೇಳಿ ಹುಡುಗ ಎಲ್ಲಿಗೋ ಹೋಗಿದ್ದಾನಂತೆ. ಮಾಫ್ ಮಾಡಿ ಎಂದರು. ಅಷ್ಟೇ.

ನೆಂಟರು ಉಣ್ಣದೆ ಒಬ್ಬೊಬ್ಬರೇ ಎದ್ದರು. ಹೇಗೆ ಉಂಡಾರು. ಮದುವೆ ಹಾಲ್ ಹಿಂದೆ ಮೂರು ಹಂಡೆ ಬಿರಿಯಾನಿ, ಒಂದು ಪಾತ್ರೆ ಜರ್ದಾ ಸಿಹಿಯನ್ನ — ಮುಚ್ಚಳ ತೆಗೆದಿರಲಿಲ್ಲ. ಇವರು ಅಡುಗೆಯವರಿಗೆ, "ಗುಂಡಿ ತೋಡಿ ಮುಚ್ಚಿಬಿಡಿ. ನನ್ನ ಕಣ್ಣಿಗೆ ಬೀಳಬಾರದು" ಎಂದರು. ತಡೆಯಲು ನನಗೆ ತ್ರಾಣವಿರಲಿಲ್ಲ.

ಸಬೀಹಾ ಒಳಗಿನಿಂದ ಬಂದಳು. ಒಡವೆ ಬಿಚ್ಚಿಟ್ಟು ಹಳೆಯ ಚೂಡಿದಾರ್ ಹಾಕಿದ್ದಳು.

"ಅಬ್ಬಾಜಾನ್, ಬಿದ್ದ ತುತ್ತನ್ನೂ ಒರೆಸಿ ತಿನ್ನಿ ಅಂತ ಪ್ರವಾದಿ ರಸೂಲರು ಹೇಳಿದ್ದನ್ನ ನೀವೇ ಕಲಿಸಿದ್ದು. ಇಷ್ಟನ್ನ ಮಣ್ಣಿಗೆ ಹಾಕ್ತೀರಾ?"

"ಯಾರಿಗೆ ಕೊಡೋದಮ್ಮ? ಏನಂತ ಹೇಳಿ ಕೊಡೋದು?"

"ಊಟ ಅಂತ. ಹಿನ್ನೀರಿನ ಹತ್ರ ರಸ್ತೆ ಕೆಲಸದವರ ಶೆಡ್ ಇದಾವಲ್ಲ. ಬಡವರನ್ನ ಬಿಟ್ಟು ಉಳ್ಳವರನ್ನಷ್ಟೇ ಕರೆಯೋ ಮದುವೆ ಊಟ ಕೆಟ್ಟದ್ದು ಅಂತಾನೂ ಅವರೇ ಅಂದಿದಾರೆ. ನಾವು ಅವರನ್ನ ಕರೆದೇ ಇರ್ಲಿಲ್ಲ."

ಇವರು ಅಡುಗೆಯವರನ್ನು ತಡೆದರು. ಆಮೇಲೆ ಪಿಕಪ್ ತರಿಸಿದರು. ತಾವೇ ಹಂಡೆಗೆ ಕೈ ಹಾಕಿದರು. ಮಾಂಸ ಮುಟ್ಟದ ವೀರಬಸಮ್ಮ ಜರ್ದಾ ಪಾತ್ರೆ ಹಿಡಿದು ಮುಂದೆ ಕುಳಿತರು; ಹಿಂದೆ ಹಂಡೆಗಳ ಜೊತೆ ನಾನು, ಸಬೀಹಾ.

ಶೆಡ್ಡುಗಳ ಮುಂದೆ ಸಬೀಹಾಳೇ ಬಡಿಸಿದಳು. ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಂಡರು. ಏನೂ ಉಳಿಯಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಅಳು ಕೇಳಿಸುತ್ತಿದೆ. ತಟ್ಟಲಿಲ್ಲ.

೨೮ ಮೇ

ಬರೆಯಲಾಗಲಿಲ್ಲ. ಬಂದವರಿಗೆಲ್ಲ ಅದೇ ಉತ್ತರ ಕೊಟ್ಟು ಸಾಕಾಗಿದೆ. ಸಬೀಹಾ ಹೊಸಿಲು ದಾಟಿಲ್ಲ. ಇವರು ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ಶಾಲೆ ಶುರುವಾದರೆ ನನಗಾದರೂ...

೪ ಜೂನ್

ಸಂತೆಯಲ್ಲಿ ಶೆಡ್ಡಿನ ಹೆಂಗಸೊಬ್ಬಳು ಕೈ ಹಿಡಿದು ನಿಲ್ಲಿಸಿದಳು. ಬಯಲುಸೀಮೆಯವಳು.

"ಅಕ್ಕಾ, ನಿಮ್ಮನಿ ಮದ್ವಿ ಊಟ ಮರ್ತಿಲ್ರಿ. ಮದುಮಗಳು ಆರಾಮ ಅದಾಳೇನ್ರಿ?"

ಹೂಂ ಎಂದೆ.

"ಅವತ್ತು ಬಡಿಸಿದಾಕಿ ಆಕಿ ತಂಗೀನ್ರಿ? ನನ್ ಮಗನ್ನ ತೊಡಿ ಮ್ಯಾಲೆ ಕುಂಡ್ರಿಸ್ಕೊಂಡು ಉಣಿಸಿದ್ಲು. ಆಕಿಗೂ ಚಲೋ ಮನಿ ಸಿಗ್ಲಿ."

ತಂಗಿಯೇ ಎಂದೆ. ನಿಜ ಹೇಳುವ ಶಕ್ತಿ ಉಳಿದಿಲ್ಲ.

ಮನೆಗೆ ಬಂದು ಸಬೀಹಾಳಿಗೆ ಹೇಳಿದೆ. "ತಂಗೀನಾ?" ಎಂದಳು. ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಆ ಮಗೂದು ಹೆಸರೇ ನಾನು ಕೇಳಲಿಲ್ಲ ಅಮ್ಮಿ" ಎಂದು ಎದ್ದು ಅಡುಗೆಮನೆಗೆ ಹೋದಳು.

ಈಗ ಅಕ್ಕಿ ಅಳೆಯುವ ಸದ್ದು. ನಮ್ಮ ಮೂವರಿಗೆ ಬೇಕಾದ್ದಕ್ಕಿಂತ ಹೆಚ್ಚು. ಶೆಡ್ಡಿನವರಿಗೂ ಇರಬೇಕು.