ಉಡಿ ತುಂಬಿಸಿಕೊಳ್ಳಿ, ಸಹಿ ಮಾತ್ರ ಹಾಕಬೇಡಿ

ಕೆಂಚರಹಾಳ
ಮುಂದಿನ ಮೇ ೩೪, ೨೧೬೧

ನೀಲಗಂಗಾ ಆಯಿಗೆ ನಿಂಬೆವ್ವನ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವ ಲಕ್ಷಣವೇ ಕಾಣದಾದಾಗ ಸರಕಾರದವರು ಮೇ ತಿಂಗಳನ್ನು ಎರಡು ಮಾಡಿ, ಹಿಂದಿನ ಮೇ, ಮುಂದಿನ ಮೇ ಎಂದು ಹೆಸರಿಟ್ಟರು. ಮುಂದಿನದಕ್ಕೆ ನಲವತ್ತು ದಿನ. ನನ್ನ ಬರವಣಿಗೆಯಲ್ಲಿ ಇಂಥ ವಿಚಿತ್ರ ಮಾತುಗಳು ಇನ್ನೂ ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ನೀವು ನನ್ನ ಮುತ್ತಜ್ಜಿಯ ಅವ್ವ. ಈ ಕಾಗದ ತಲುಪುವ ದಿನ ನಿಮಗೆ ಮೂವತ್ತೆಂಟು, ನನಗೆ ಅರವತ್ತೆಂಟು. ಲೆಕ್ಕದಲ್ಲಿ ನೀವು ನನ್ನ ಮಗಳಷ್ಟು ಸಣ್ಣವರು. ಆದರೂ ಆಯಿ ಅಂದಮೇಲೆ ಆಯಿ, ನೀವು ಎಂದೇ ಬರೆಯುತ್ತೇನೆ. ಅರವತ್ತೈದು ದಾಟಿದವರಿಗೆ ನಮ್ಮಲ್ಲಿ ಹಿಂದಂಚೆಯಲ್ಲಿ ಒಂದೇ ಒಂದು ಕಾಗದ ಕಳಿಸುವ ಹಕ್ಕಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಅದು ಮುಟ್ಟುತ್ತದೋ ಇಲ್ಲವೋ ಯಾರೂ ಹೇಳಿಲ್ಲ. ಎಲ್ಲರೂ ಸತ್ತ ಗಂಡನಿಗೋ ಮಗನಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ನಾಳೆ ನೀವು ಒಂದು ತಪ್ಪು ಮಾಡಲಿದ್ದೀರಿ.

ನೀವು ವಿಧಾನಸಭೆಗೆ ನಾಮಪತ್ರ ಸಲ್ಲಿಸಿ ಆರು ದಿನವಾಗಿದೆ. ಪಕ್ಷ ಸಣ್ಣದು, ಗುರುತು ಬೀಸುಕಲ್ಲು. ಕಣದಲ್ಲಿ ಇರುವವರು ಇಬ್ಬರೇ: ನೀವು, ಮತ್ತು ದೊಡ್ಡ ಪಕ್ಷದ ಮುರಿಗೆಪ್ಪ ಹುದ್ದಾರ. ಆತ ನಿಮ್ಮ ತವರೂರಿನವನು. ನಾಳೆ ಹಿಂದೆ ಸರಿಯಲು ಕೊನೆಯ ದಿನ. ಬೆಳಿಗ್ಗೆ ನೀವು ಹೊಲಿಗೆ ಯಂತ್ರದ ಮುಂದೆ ಕುಳಿತಿರುವಾಗ ಮುರಿಗೆಪ್ಪನ ತಾಯಿ ಗೌರಕ್ಕ ಐದು ಮಂದಿ ಮುತ್ತೈದೆಯರನ್ನು ಕಟ್ಟಿಕೊಂಡು ಬರುತ್ತಾಳೆ. ಬೈಯುವುದಿಲ್ಲ, ಹೆದರಿಸುವುದಿಲ್ಲ. ನಿಮ್ಮನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊನೆ, ಮೇಲೊಂದು ಹಸಿರು ರವಿಕೆ ಖಣ ಇಟ್ಟು ಉಡಿ ತುಂಬುತ್ತಾಳೆ. ಆಮೇಲೆ ಹೇಳುತ್ತಾಳೆ: "ತವರಿನ ಉಡಿ ತಗೊಂಡೀಯವ್ವಾ. ಇನ್ನ ಅಣ್ಣನ ಎದುರಿಗೆ ನಿಂತರ ನಾಕು ಮಂದಿ ಏನ ಅಂದಾರು?"

ನೀವು ಎದ್ದು ಹೋಗಿ ಹಿಂದೆ ಸರಿಯುವ ಕಾಗದಕ್ಕೆ ಸಹಿ ಹಾಕಿ ಬರುತ್ತೀರಿ. ಮುರಿಗೆಪ್ಪ ಅವಿರೋಧವಾಗಿ ಆಯ್ಕೆಯಾಗುತ್ತಾನೆ. ಊರಿನವರ ಖಣಗಳನ್ನೆಲ್ಲ ಹೊಲಿದುಕೊಟ್ಟ ನೀವು ಆ ಒಂದು ಖಣಕ್ಕೆ ಮಾತ್ರ ಸಾಯುವ ತನಕ ಕತ್ತರಿ ಹಾಕಲಿಲ್ಲ. ಅದು ಮಡಿಕೆ ಬಿಚ್ಚದೆ ನನ್ನ ತನಕ ಬಂತು. ಅದೊಂದರಿಂದಲೇ ನಿಮ್ಮ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಿಳಿಯಿತು.

ಮುಂದಿನ ಚುನಾವಣೆಗೆ ಹುದ್ದಾರರ ಮನೆಯವರು ಮತ್ತೆ ಉಡಿ ತಂದರು. ಅದರ ಮುಂದಿನದಕ್ಕೆ ಪಕ್ಕದ ಕ್ಷೇತ್ರದವರೂ ಕಲಿತರು. ಗಲಾಟೆ ಇಲ್ಲ, ಭಾಷಣ ಇಲ್ಲ, ಎಷ್ಟು ಚೆಂದದ ಸಂಪ್ರದಾಯ ಎಂದು ಪತ್ರಿಕೆಯವರು ಹೊಗಳಿದರು. ಎದುರಾಳಿ ಗಂಡಸಾದರೆ ಶಾಲು ಹೊದಿಸಿ ಕೂರಿಸಿದರು. ಈಗ ರಾಜ್ಯಕ್ಕೆಲ್ಲ ಉಡಿದಿನ ಎಂಬ ರಜೆ ಇದೆ; ಮನೆಮನೆಯಲ್ಲಿ ಹೋಳಿಗೆ. ಕಾನೂನಿಗೆ ಎದುರಾಳಿಯ ಹೆಸರೊಂದು ಬೇಕಲ್ಲ, ಅದಕ್ಕೆ ಬೀಸುಕಲ್ಲಿನ ಪಕ್ಷ ಪ್ರತಿ ಸಲ ಒಬ್ಬಳನ್ನು ನಿಲ್ಲಿಸುತ್ತದೆ, ಉಡಿದಿನ ಅವಳು ಕೂರುತ್ತಾಳೆ. ಅವಳಿಗೆ ಊರಲ್ಲಿ ಕುಂದ್ರಾಕಿ ಎನ್ನುತ್ತಾರೆ. ನಮ್ಮವ್ವ ಏಳು ಸಲ ಕುಂದ್ರಾಕಿಯಾದಳು. ನಾನು ಐದು ಸಲ. ಪ್ರತಿ ಸಲ ಸಹಿ ಹಾಕಿ ಬಂದು ಹೋಳಿಗೆ ತಿಂದು ಮಲಗಿದ್ದೇನೆ. ನಾಚಿಕೆಯಾಗುತ್ತದೆ ಹೇಳಲು, ಆದರೆ ಹೋಳಿಗೆ ರುಚಿಯಾಗಿಯೇ ಇರುತ್ತಿತ್ತು.

ನಮ್ಮ ದಿನಚರಿ ಹೇಳದಿದ್ದರೆ ಉಳಿದದ್ದು ನಿಮಗೆ ಅರ್ಥವಾಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಿಸಿಲುಗೂಗು ಕೂಗುತ್ತದೆ, ಅದೊಂದು ಭೋಂಗಾ, ಗಿರಣಿಯ ಸೈರನ್ನಿನಂಥದು. ಅಲ್ಲಿಂದ ಸಂಜೆ ಐದರ ತನಕ ಬಯಲಿಗೆ ಯಾರೂ ಬರುವಂತಿಲ್ಲ. ಶಾಲೆ, ಕಚೇರಿ, ಸಂತೆ ಎಲ್ಲ ನಸುಕಿನಲ್ಲೇ ಮುಗಿಯಬೇಕು. ಹಗಲಲ್ಲಿ ತಿರುಗಾಡುವುದಿದ್ದರೆ ನೆರಳುಚಪ್ಪರದ ಕೆಳಗೆ. ಓಣಿಯ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿದ ದಪ್ಪ ಬಟ್ಟೆ ಅದು. ಅಕ್ಕಿ ಈಗ ಔಷಧದ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ, ಉಡಿಗೂ ಸಜ್ಜೆಯೇ. ನೀರಿನ ನಳ ಮೇಲಿನ ಓಣಿಯಲ್ಲಿದೆ. ನಮ್ಮದು ಕೆಳಗಿನ ಓಣಿ, ನಮ್ಮ ಚಪ್ಪರ ಹರಿದು ಒಂಬತ್ತು ವರ್ಷವಾಯಿತು. ಅರ್ಜಿ ಕೊಟ್ಟೆವು, ಕೈಮುಗಿದೆವು, ಜಗಳವಾಡಿದೆವು. ಶಾಸಕರಿಗೆ ನಾವು ಇದ್ದವರು ಎನ್ನುತ್ತೇವೆ. ಗೆದ್ದವರು ಎನ್ನಲು ಅವರು ಗೆದ್ದೇ ಇಲ್ಲವಲ್ಲ, ಸುಮ್ಮನೆ ಇದ್ದಾರೆ. ಓಟು ಕೇಳುವ ದರ್ದೇ ಇಲ್ಲದವರಿಗೆ ಕೆಳಗಿನ ಓಣಿಯ ದಾರಿ ಯಾಕೆ ನೆನಪಾಗಬೇಕು?

ಹೋದ ವರ್ಷ ಪಕ್ಕದ ಮನೆ ಕಲ್ಲವ್ವನ ಗಂಡ ನೀರು ತರಲು ಹೋಗಿ, ಆ ಹರಿದ ಚಪ್ಪರದ ಕೆಳಗೆ ಬಿಸಿಲು ಬಡಿದು ಬಿದ್ದ. ಗೂಗು ಕೂಗಿತ್ತು, ಹೊರಗೆ ಹೋಗಲು ನಮಗೆಲ್ಲ ಅಂಜಿಕೆ. ಕಲ್ಲವ್ವ ಒಬ್ಬಳೇ ಅವನನ್ನು ಎಳೆದುಕೊಂಡು ಬಂದಳು. ಮನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಇದ್ದವರು ಮಾತಾಡಿಸಲೂ ಬರಲಿಲ್ಲ. ನಾನು ಕಿಟಕಿಯಲ್ಲಿ ನಿಂತು ನೋಡಿದವಳು, ಆಯಿ. ಅದನ್ನು ಮರೆಯಲು ನನ್ನಿಂದ ಆಗಿಲ್ಲ.

ಈ ಸಲ ಇನ್ನೊಂದು ಕಾನೂನು ಬಂದಿದೆ. ಇಪ್ಪತ್ತಾರು ಸಲ ಓಟೇ ನಡೆಯದ ಕ್ಷೇತ್ರ ಖಾಯಂ ಆಗುತ್ತದೆ. ಆಮೇಲೆ ನಾಮಪತ್ರವೂ ಇಲ್ಲ, ಉಡಿಯೂ ಇಲ್ಲ. ಇದ್ದವರೇ ತಮ್ಮ ನಂತರದವರನ್ನು ಹೆಸರಿಸುತ್ತಾರೆ. ನಮ್ಮ ಕ್ಷೇತ್ರಕ್ಕೆ ಇದು ಇಪ್ಪತ್ತಾರನೆಯದು. ಎಲ್ಲರಿಗಿಂತ ಮೊದಲು ಖಾಯಂ ಆಗುವವರು ನಾವೇ, ಎಷ್ಟೆಂದರೂ ಶುರು ಮಾಡಿದ್ದು ನಾವಲ್ಲವೇ?

ಮೊನ್ನೆ ಉಡಿದಿನ. ಗಡುವು ಬೆಳಿಗ್ಗೆ ಒಂಬತ್ತಕ್ಕೆ. ಹಿಂದಿನ ರಾತ್ರಿ ನಿಮ್ಮ ಖಣ ತೆಗೆದು, ಮೊದಲ ಸಲ ಕತ್ತರಿ ಹಾಕಿ, ನನ್ನ ಅಳತೆಗೆ ಕುಬಸ ಹೊಲಿದೆ. ತೊಡುವಾಗ ಕಂಕುಳಲ್ಲಿ ಪರ್ ಎಂದು ಹರಿಯಿತು. ಸೆರಗು ಮುಚ್ಚಿಕೊಂಡು ಹೋದೆ. ಹುದ್ದಾರರ ಸೊಸೆ ನಗುನಗುತ್ತಾ ಉಡಿ ತುಂಬಿದಳು, ಬ್ಯಾಂಡಿನವರು ಬಾರಿಸಿದರು. ಚುನಾವಣಾಧಿಕಾರಿ ಕಾಗದ ಮುಂದೆ ಸರಿಸಿ, "ಅವ್ವಾರ, ಸಹಿ ಮಾಡ್ರಿ" ಅಂದ.

ಧೈರ್ಯದಿಂದ ಮಾತಾಡಿದೆ ಎಂದು ತಿಳಿಯಬೇಡಿ. "ಉಡಿ ಕೊಟ್ರಿ, ತಗೊಂಡೆ. ಹೆಣಮಗಳ ಮನಿ ತಣ್ಣಗಿರಲಿ ಅಂತ ಉಡಿ ತುಂಬತಾರ. ಅಕಿ ಬಾಯಿ ಮುಚ್ಚಲಿ ಅಂತ ಯಾವ ತವರು ತುಂಬತೈತ್ರೀ?" ಎಂದೆ. ಬ್ಯಾಂಡು ನಿಂತುಹೋಯಿತು. ಎಲ್ಲರೂ ಗೋಡೆಯ ಗಡಿಯಾರ ನೋಡುತ್ತಾ ಕೂತೆವು. ಒಂಬತ್ತಾಯಿತು. ಅಷ್ಟೇ ಆದದ್ದು.

ಮನೆಗೆ ಬರುವ ದಾರಿಯಲ್ಲಿ ಯಾರೂ ಮಾತಾಡಿಸಲಿಲ್ಲ. ನಾನು ಗೆಲ್ಲುವುದಿಲ್ಲ, ಅದು ನನಗೆ ಗೊತ್ತು. ಉಡಿಗೆ ದ್ರೋಹ ಮಾಡಿದವಳು ಎಂಬ ಹೆಸರು ಬಂದಾಯಿತು. ಸ್ವಂತ ತಂಗಿಯೇ ಬಾಗಿಲು ಹಾಕಿಕೊಂಡಳು. ದಣಿದಿದ್ದೇನೆ. ನೂರಾ ಇಪ್ಪತ್ತೈದು ವರ್ಷ ಒಂದೇ ಮನೆಯ ಹೆಂಗಸರು ಕುಂತ ದಣಿವು ಇದು, ಒಂದು ನಿದ್ದೆಗೆ ಹೋಗುವುದಲ್ಲ.

ನಿನ್ನೆ ಸಂಜೆ ಕಲ್ಲವ್ವ ಬಂದಳು. ಬಂದವಳೇ ಬೈದಳು: "ಈ ವಯಸ್ಸಿನಾಗ ನಿನಗ್ಯಾಕ ಬೇಕಾಗಿತ್ತಬೇ ಇದು?" ಬೈದು ಮುಗಿಸಿ ಹೊಸ್ತಿಲ ಮೇಲೆ ಕೂತಳು. ಆಮೇಲೆ ಕೇಳಿದಳು: "ಓಟು ಹಾಕಿದವರ ಬೆರಳಿಗೆ ಶಾಯಿ ಹಚ್ಚತಿದ್ರಂತಲ್ಲ? ಯಾವ ಬೆರಳು?"

ನನಗೆ ಗೊತ್ತಿರಲಿಲ್ಲ. ಊರಲ್ಲಿ ಕೇಳಿದೆವು, ಯಾರಿಗೂ ಗೊತ್ತಿಲ್ಲ. ಅಧಿಕಾರಿಗಳು ಹಳೆಯ ನಿಯಮದ ಪುಸ್ತಕ ಹುಡುಕುತ್ತಿದ್ದಾರಂತೆ. ನಮ್ಮ ಮನೆಯಲ್ಲಿ ನಿಮ್ಮದೊಂದು ಫೋಟೋ ಇದೆ, ಅದನ್ನು ತೆಗೆದು ನೋಡಿದೆವು. ಅದು ನಾಳೆ ನಿಮ್ಮಲ್ಲಿ ತೆಗೆಯುವ ಫೋಟೋ. ಅದರಲ್ಲಿ ನೀವು ಎರಡೂ ಕೈಯಲ್ಲಿ ಉಡಿಯ ಸೆರಗು ಹಿಡಿದುಕೊಂಡಿದ್ದೀರಿ. ಬೆರಳೆಲ್ಲ ಸೆರಗಿನೊಳಗೆ.

ಆಯಿ, ನಾಳೆ ಗೌರಕ್ಕ ಬಂದರೆ ಮಣೆ ಹಾಕಿ, ನೀರು ಕೊಡಿ, ಉಡಿ ತುಂಬಿಸಿಕೊಳ್ಳಿ, ಕಾಲು ಮುಟ್ಟಿ ನಮಸ್ಕಾರ ಮಾಡಿ. ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಆ ಖಣ ಹೊಲಿಯಲು ಶುರು ಮಾಡಿ, ಗಡುವು ಮುಗಿಯುವ ತನಕ ಏಳಬೇಡಿ. ನೀವು ಸೋಲುತ್ತೀರಿ. ಸೋಲಿರಿ. ಓಟಿನ ದಿನ ಆ ಕುಬಸ ತೊಟ್ಟು ಹೋಗಿ ಓಟು ಹಾಕಿ, ಹೊರಗೆ ಬಂದು ಒಂದು ಫೋಟೋ ತೆಗೆಸಿಕೊಳ್ಳಿ. ಮುಖ ಕಾಣದಿದ್ದರೂ ಚಿಂತೆಯಿಲ್ಲ, ಬೆರಳು ಮಾತ್ರ ಚೆನ್ನಾಗಿ ಕಾಣಲಿ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ನಿಂಬೆವ್ವ