ಪೆಡಲ್ ಇಲ್ಲದ ಸೂಜಿ

ಸೂಪರ್‌ವೈಸರ್ ಸಾಹೇಬರಿಗೆ,

ಈಗ ನೀವು ಯಾರಿಗೂ ಸೂಪರ್‌ವೈಸರ್ ಅಲ್ಲ, ಗೊತ್ತು. ಆದರೂ ಬೇರೆ ರೀತಿ ಕರೆಯಲು ನಾಲಿಗೆ ಹೊರಳುತ್ತಿಲ್ಲ. ನಾಳೆ ಬೆಳಿಗ್ಗೆ ರಕ್ತ ತೆಗೆಯುವ ಕೆಲಸದ ನಮ್ಮ ಪರೀಕ್ಷೆ. ನಿಮ್ಮ ತೋಳಿಗೆ ನಾನು ಚುಚ್ಚಬೇಕು, ನನ್ನ ತೋಳಿಗೆ ನೀವು. ಎರಡು ಸಲ ತಪ್ಪಿದರೆ ಸರ್ಟಿಫಿಕೇಟ್ ಇಲ್ಲ, ಆಸ್ಪತ್ರೆಯ ಲ್ಯಾಬಿನ ಕೆಲಸವೂ ಇಲ್ಲ. ಜೊತೆ ಬದಲಾಯಿಸುವುದಿದ್ದರೆ ಪರೀಕ್ಷೆ ಶುರುವಾಗುವ ಮುಂಚೆ ಹೇಳಿ ಎಂದಿದ್ದಾರೆ ಪಾಠ ಹೇಳುವ ನರ್ಸಮ್ಮ. ಎದುರಿಗೆ ನಿಂತು ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಮಗಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಕೆಲಸ ಕಳೆದುಕೊಂಡವರಿಗೆಂದು ಕಾಲೇಜಿನಲ್ಲಿ ನಡೆಸುವ ಈ ಸಂಜೆ ತರಬೇತಿಯಲ್ಲಿ ನಮ್ಮಿಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದಾಗ ನಾನು ಕುರ್ಚಿಯನ್ನು ಆದಷ್ಟು ದೂರ ಎಳೆದುಕೊಂಡೆ. ಬಟ್ಟೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಅಂಗಿ ಕಾಲರ್ ಹೊಲಿದ ನನ್ನನ್ನು ಇಡೀ ಸಾಲಿನ ಎದುರು ಎಬ್ಬಿಸಿ, "ನಿನ್ ಕೈ ನಿಧಾನ ಆಗಿದೆ, ನಾಳೆಯಿಂದ ಬರ್ಬೇಡ" ಎಂದವರು ನೀವು. ಆಮೇಲೆ ಕಾರ್ಖಾನೆಗೇ ಬೀಗ ಬಿದ್ದು ನೀವೂ ಬೀದಿಗೆ ಬಂದಿರಿ ಎಂದು ಕೇಳಿ ಒಳಗೊಳಗೇ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ.

ರಬ್ಬರ್ ತೋಳಿಗೆ ನಿಂತು ಚುಚ್ಚುವಾಗ ನನ್ನ ಕೈ ಸರಿಯಾಗಿಯೇ ಇತ್ತು. ಎದುರುಬದುರು ಕುರ್ಚಿಯಲ್ಲಿ ಕೂತು ನಿಜವಾದ ತೋಳು ಹಿಡಿದ ದಿನದಿಂದ ಸೂಜಿ ಎಗರತೊಡಗಿತು. ಇವತ್ತೂ ತಪ್ಪಿತು. ನಿಮ್ಮ ಮೊಣಕೈ ಒಳಗೆ ನೀಲಿಗಟ್ಟಿತು. ಮೊದಲು ಬಸ್ ಓಡಿಸುತ್ತಿದ್ದ ಹಿಂದಿನ ಬೆಂಚಿನವರು, "ಹಳೇ ಬಾಕಿ ತೀರಿಸ್ತಿದ್ದೀರೇನಮ್ಮಾ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬೇಕೆಂದೇ ಚುಚ್ಚಿದೆನೇನೋ ಎಂದು ನನ್ನ ಮೇಲೆ ನನಗೇ ಭಯವಾಯಿತು.

ನೀವು ಹತ್ತಿ ಒತ್ತಿಕೊಂಡು, ನೆಲ ನೋಡುತ್ತಾ ಹೇಳಿದಿರಿ: "ನಿಮ್ ಬಲಗಾಲು ನೋಡ್ಕೊಳ್ಳಿ. ಸೂಜಿ ಇಳಿಸೋವಾಗ ಪೆಡಲ್ ಒತ್ತುತ್ತೀರ."

ಮೈಯೆಲ್ಲ ಉರಿದುಹೋಯಿತು. ಇಲ್ಲೂ ತಪ್ಪು ಹುಡುಕುವುದನ್ನು ಬಿಟ್ಟಿಲ್ಲ ಎಂದುಕೊಂಡು ಚೀಲ ಎತ್ತಿಕೊಂಡು ಬಂದುಬಿಟ್ಟೆ. ಮನೆಯಲ್ಲಿ ಕುರ್ಚಿ ಎಳೆದು ಕೂತು, ಪೆನ್ನಿನ ರೀಫಿಲ್ ಹಿಡಿದು ದಿಂಬಿಗೆ ಇಳಿಸಿದೆ. ಮಗಳು ತನ್ನ ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ಬಗ್ಗಿ ನೋಡಿ, "ಒತ್ತುತ್ತಾ ಇದ್ದೀಯಮ್ಮಾ" ಎಂದಳು. ಹೌದು. ಕೂತೊಡನೆ, ಇಲ್ಲದ ಹೊಲಿಗೆ ಮೆಷಿನ್ನಿನ ಪೆಡಲನ್ನು ಕಾಲು ಒತ್ತುತ್ತಿತ್ತು, ಆ ಅದುರು ಕೈಗೆ ಬರುತ್ತಿತ್ತು. ಎಷ್ಟು ತಡೆದರೂ ಕಾಲು ನನ್ನ ಮಾತು ಕೇಳಲಿಲ್ಲ.

ಜೊತೆ ಬದಲಾಯಿಸುವುದು ಬೇಡ. ನನ್ನ ಕಾಲಿನ ರೋಗ ನಮ್ಮ ತರಗತಿಯಲ್ಲಿ ಗೊತ್ತಿರುವುದು ನಿಮಗೊಬ್ಬರಿಗೇ. ನಾಳೆ ನನ್ನ ಬಲಗಾಲನ್ನು ನಿಮ್ಮ ಬೂಟಿನ ಮೇಲೆ ಇಡುತ್ತೇನೆ, ತಪ್ಪು ತಿಳಿಯಬೇಡಿ. ಅದು ಒತ್ತಿದ್ದು ಮೊದಲು ನಿಮಗೇ ತಿಳಿಯುತ್ತದೆ. ಸೂಜಿ ಚರ್ಮ ಮುಟ್ಟುವ ಮುಂಚೆ "ನಿಲ್ಸಿ" ಎಂದುಬಿಡಿ. ಅಷ್ಟು ವರ್ಷ ನಿಮ್ಮ ಬಾಯಿಂದ ಕೇಳಿದ್ದು "ನಿಲ್ಲಿಸ್ಬೇಡ" ಎಂಬುದೊಂದೇ.

ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೆ ನಾಳೆ ನಿಮಗೆ ನೋವಾಗಬಾರದು ಎಂದು ಮನಸ್ಸಿಗೆ ಅನ್ನಿಸುತ್ತಿದೆ, ಅದೂ ನಿಜ. ಬೆಳಿಗ್ಗೆ ಹೊಟ್ಟೆ ತುಂಬ ನೀರು ಕುಡಿದು ಬನ್ನಿ, ನರ ಚೆನ್ನಾಗಿ ಮೇಲೆ ಬರುತ್ತದೆ. ಕಾರ್ಖಾನೆಯಲ್ಲಿ ನಾವು ನೀರಿಗೆ ಎದ್ದರೆ ಗಡಿಯಾರ ತೋರಿಸುತ್ತಿದ್ದಿರಿ. ನಾಳೆ ನಿಮಗೆ ಯಾರೂ ತೋರಿಸುವುದಿಲ್ಲ. ನಿಧಾನವಾಗಿ ಕುಡಿಯಿರಿ.

ನಮ್ಮಿಬ್ಬರ ಕೈಯೂ ಗಟ್ಟಿಯಾಗಿರಲಿ.

ಇತಿ,
ನಿಮ್ಮ ಎದುರು ಕುರ್ಚಿಯಲ್ಲಿ ಕೂರುವ,
ಕಾಲರ್ ಹೊಲಿಯುತ್ತಿದ್ದವಳು