ಉಪ್ಪುಮೀನಿನ ಪ್ರಶ್ನೆ

ಅಮ್ಮಾ,

ಕಾಗದ ಸುಟ್ಟರೆ ಸತ್ತವರಿಗೆ ತಲುಪುತ್ತದೆ ಎನ್ನುತ್ತಾರೆ. ಅದಕ್ಕೇ ಇದನ್ನು ನಾನು ಸುಡುವುದಿಲ್ಲ. ನಿನಗೆ ಗೊತ್ತಾಗುವುದು ಬೇಡ.

ಸ್ವಲ್ಪ ಕಾಲದಿಂದ ನನಗೆ ಒಂದೊಂದು ಬಟ್ಟಲೂ ಎರಡೆರಡಾಗಿ ಕಾಣುತ್ತಿತ್ತು, ಎಡಗೆನ್ನೆ ಜೋಮು ಹಿಡಿದಂತಿತ್ತು. ಇವತ್ತು ಅಕ್ಕ ಗುವಾಂಗ್‌ಝೌ ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಮೂಗಿನ ಹಿಂದೆ ಗೆಡ್ಡೆ ಬೆಳೆದು ಕಣ್ಣಿನ ನರ, ಕೆನ್ನೆಯ ನರ ಎಲ್ಲವನ್ನೂ ಒತ್ತುತ್ತಿದೆಯಂತೆ. ಡಾಕ್ಟರಮ್ಮ ಬರೆದುಕೊಳ್ಳುತ್ತಲೇ ಕೇಳಿದರು, "ಚಿಕ್ಕಂದಿನಲ್ಲಿ ಉಪ್ಪುಮೀನು ತಿಂತಿದ್ರಾ? ನಮ್ಮ ಕಡೆಯೋರಿಗೆ ಈ ಗೆಡ್ಡೆ ಬರೋಕೆ ಅದೂ ಒಂದು ಕಾರಣ."

ಇಲ್ಲ ಎಂದುಬಿಟ್ಟೆ. ಯಾಕೆ ಹಾಗಂದೆನೋ ನನಗೇ ತಿಳಿಯದು.

ಹೊರಗೆ ಬಂದ ಮೇಲೆ ಅಕ್ಕ ಬಿಡಲಿಲ್ಲ. "ಲೇ ಯೂಕ್-ಲಿನ್, ಹಲ್ಲು ಬರೋಕ್ ಮುಂಚೆ ಮೀನು ತಿಂದೋಳು ನೀನು. ಸೊರಗಿದ ಕೂಸು ಅಂತ ಅಮ್ಮ ಮೀನೆಲ್ಲಾ ನಿನ್ನ ಗಂಜಿಗೇ ಹಿಸುಕ್ತಿದ್ಳು. ನನಗೆ ಬಟ್ಟಲು ನೆಕ್ಕೋ ಭಾಗ್ಯ. ರಾಣಿ ಥರ ಬೆಳೆದು ಈಗ ಇಲ್ಲ ಅಂತೀಯಲ್ಲೇ." ತಮಾಷೆಗೆ ಶುರುಮಾಡಿದವಳು ಮೆಟ್ಟಿಲ ಮೇಲೆ ಕೂತು ಅತ್ತಳು. ನನ್ನ ಕಣ್ಣಿಗೆ ಇಬ್ಬರು ಅಕ್ಕಂದಿರು ಅಳುತ್ತಿದ್ದರು. ಯಾರ ಹೆಗಲ ಮೇಲೆ ಕೈಯಿಡಬೇಕೋ ತಿಳಿಯಲಿಲ್ಲ.

ನಾನು ಸುಳ್ಳು ಹೇಳಿದ್ದಕ್ಕೆ ಔಷಧಿಯೇ ಬದಲಾಗಿಬಿಟ್ಟರೆ? ಹಾಗೇನಾದರೂ ಆಗುತ್ತದೋ ಇಲ್ಲವೋ, ಅಕ್ಕನಿಗೂ ಗೊತ್ತಿಲ್ಲ. ನಾಳೆ ಹೋಗಿ ನಿಜ ಹೇಳುತ್ತೇನೆ, ಬದುಕಬೇಕಲ್ಲ. ಯಾರು ತಿನ್ನಿಸುತ್ತಿದ್ದರು ಎಂದು ಮಾತ್ರ ಅವರು ಕೇಳದಿದ್ದರೆ ಸಾಕು.